ತಿದ್ದಿದ ನಾಣ್ಯ, ತೋರಿಸದ ಫೋಟೋ

ಎಲ್ಲರಿಗೂ ನಮಸ್ಕಾರ. ನಾಣ್ಯ ಸಂಗ್ರಾಹಕರ ಕೂಟದಲ್ಲಿ ನಾನು ಮಾತಾಡಿದ್ದನ್ನ ಬರೆದು ಕೊಡಿ ಅಂತ ಸುಮಾರು ಜನ ಕೇಳಿದ್ರು, ಅವತ್ತು ಬರೋಕಾಗದೇ ಇದ್ದವರಿಗೂ ಸಿಗ್ಲಿ ಅಂತ ಇಲ್ಲಿ ಹಾಕ್ತಿದೀನಿ. ಮಾತಾಡಿದ ಧಾಟಿನೇ ಇದೆ, ಕೊನೇಲಿ ಕೇಳಿದ ಎರಡು ಪ್ರಶ್ನೆನೂ ಸೇರಿಸಿದೀನಿ.

ನನ್ನ ಕೈಲಿರೋ ಈ ನಾಣ್ಯದಿಂದಲೇ ಶುರು ಮಾಡ್ತೀನಿ. ಅಮೆರಿಕದ ಒಂದು ಸೆಂಟ್, ಲಿಂಕನ್ ಮುಖ ಇರೋದು, ಇಸವಿ 1914, ಇಸವಿ ಕೆಳಗೆ ಡಿ ಅಂತ ಸಣ್ಣ ಅಕ್ಷರ, ಅಂದ್ರೆ ಡೆನ್ವರ್ ಟಂಕಸಾಲೆದು. ಆ ವರ್ಷ ಡೆನ್ವರ್‌ನಲ್ಲಿ ಹೊಡೆದಿದ್ದು ಸುಮಾರು 12 ಲಕ್ಷ ಮಾತ್ರ, ಒಂದು ಸೆಂಟ್ ನಾಣ್ಯದ ಲೆಕ್ಕದಲ್ಲಿ ಇದು ತುಂಬಾ ಕಡಿಮೆ, ಅದಕ್ಕೇ ಲಿಂಕನ್ ಸೆಂಟ್ ಕೂಡಿಸೋರೆಲ್ಲ ಇದಕ್ಕೆ ಬಾಯಿ ಬಿಡ್ತಾರೆ. ನಾನೂ ಬಿಟ್ಟೆ. ಆನ್‌ಲೈನಲ್ಲಿ ಒಬ್ಬ ಸೆಲ್ಲರ್ ಹಾಕಿದ್ದ, ತಿಂಗಳುಗಟ್ಟಲೆ ಕೂಡಿಟ್ಟ ದುಡ್ಡಲ್ಲಿ ತಗೊಂಡೆ. ಬಂದ ದಿನ ತೂಕ ನೋಡಿದೆ, 3.11 ಗ್ರಾಂ ಇರ್ಬೇಕು, ಸರಿಯಾಗಿತ್ತು. ಅಗಲ 19 ಮಿಲಿಮೀಟರ್, ಅದೂ ಸರಿ. ಅಯಸ್ಕಾಂತಕ್ಕೆ ಅಂಟ್ತಿರಲಿಲ್ಲ. ಅಂಚು ನೀಟಾಗಿತ್ತು, ಎರಕ ಹೊಯ್ದ ಗುರುತು ಎಲ್ಲೂ ಇಲ್ಲ. ಖುಷಿಯಾಗಿ ಆಲ್ಬಮ್ಮಲ್ಲಿ ಕೂರಿಸಿ, ಸೆಲ್ಲರ್‌ಗೆ ಐದು ಸ್ಟಾರ್ ಕೊಟ್ಟು, ಪ್ಯಾಕಿಂಗ್ ಚೆನ್ನಾಗಿತ್ತು ಬೇಗ ಬಂತು ಅಂತ ಎರಡು ಸಾಲು ಒಳ್ಳೆ ಮಾತೂ ಬರೆದೆ.

ಒಂದು ವರ್ಷ ದಾಟಿದ ಮೇಲೆ ಹಿರಿಯ ಸಂಗ್ರಾಹಕರೊಬ್ಬರು ಆಲ್ಬಮ್ ತಿರುವಿ ಹಾಕ್ತಾ ಇದ್ದವರು ಈ ಪುಟದಲ್ಲಿ ನಿಂತ್ರು. ಲೂಪ್, ಅಂದ್ರೆ ಸಣ್ಣ ಭೂತಗನ್ನಡಿ, ಇಟ್ಟು ನೋಡಿದ್ರು, ಅದನ್ನ ನನ್ನ ಕೈಗೆ ಕೊಟ್ರು, ಭುಜದ ಕೆಳಗೆ ನೋಡಪ್ಪಾ ಅಂದ್ರು, ಅಷ್ಟೇ. ಲಿಂಕನ್ ಭುಜದ ಅಡೀಲಿ, ಸೊಳ್ಳೆ ಕಾಲಷ್ಟು ಸಣ್ಣದಾಗಿ ವಿ ಡಿ ಬಿ ಅಂತ ಮೂರು ಅಕ್ಷರ. ಈ ನಾಣ್ಯ ಕಡೆದ ಶಿಲ್ಪಿ ವಿಕ್ಟರ್ ಡೇವಿಡ್ ಬ್ರೆನ್ನರ್. 1909ರಲ್ಲಿ ಮೊದಲು ಬಂದಾಗ ಅವರ ಹೆಸರಿನ ಈ ಮೂರು ಅಕ್ಷರ ಹಿಂಬದಿಲಿ ಎದ್ದು ಕಾಣೋ ಹಾಗಿತ್ತು, ಅದಕ್ಕೆ ಆಕ್ಷೇಪ ಬಂದು ಕೆಲವೇ ದಿನದಲ್ಲಿ ತೆಗೆದು ಹಾಕಿದ್ರು, ಮತ್ತೆ ವಾಪಸ್ ಬಂದಿದ್ದು 1918ರಲ್ಲಿ, ಭುಜದ ಅಡಿ ಸಣ್ಣದಾಗಿ. ಅಂದ್ರೆ 1914ರ ನಾಣ್ಯದ ಭುಜದಲ್ಲಿ ಆ ಅಕ್ಷರ ಇರೋಕೆ ಸಾಧ್ಯನೇ ಇಲ್ಲ. ನನ್ನ ಹತ್ರ ಇದ್ದಿದ್ದು 1944ರ ಡೆನ್ವರ್ ಸೆಂಟ್. ಆ ವರ್ಷ ಡೆನ್ವರ್‌ನಲ್ಲಿ 43 ಕೋಟಿ ಹೊಡೆದಿದ್ದಾರೆ, ಬೇಕಾದಷ್ಟು ಸಿಗುತ್ತೆ. ಯಾರೋ ಮೊದಲನೇ 4ರ ಎಡಗಡೆ ಭಾಗ ಕೆರೆದು ತೆಗೆದು ಉಳಿದ ಕಡ್ಡಿನ 1 ಮಾಡಿದ್ರು. ಆಮೇಲೆ ನೋಡಿದ್ರೆ 9ಕ್ಕೂ 1ಕ್ಕೂ ನಡುವೆ ಜಾಗ ಎಷ್ಟು ಜಾಸ್ತಿ ಇದೆ ಅಂತ ಬರಿಗಣ್ಣಿಗೇ ಕಾಣ್ತಿತ್ತು. ಒಂದು ವರ್ಷ ನನಗೆ ಕಂಡಿರಲಿಲ್ಲ.

ನಾನು ಇವತ್ತು ಹೇಳ್ಬೇಕಾಗಿರೋ ಮಾತು ಇದರಲ್ಲೇ ಇದೆ. ಖೋಟಾ ನಾಣ್ಯ ಬೇರೆ, ತಿದ್ದಿದ ನಾಣ್ಯ ಬೇರೆ. ಖೋಟಾ ಅಂದ್ರೆ ಪೂರ್ತಿ ಸುಳ್ಳು, ಲೋಹದಲ್ಲೋ ತೂಕದಲ್ಲೋ ಅಕ್ಷರದ ಆಕಾರದಲ್ಲೋ ಎಲ್ಲಾದ್ರೂ ಒಂದು ಕಡೆ ಸಿಕ್ಕಿ ಬೀಳುತ್ತೆ. ತಿದ್ದಿದ ನಾಣ್ಯ ನೂರಕ್ಕೆ ತೊಂಬತ್ತೊಂಬತ್ತು ಪಾಲು ನಿಜ, ಟಂಕಸಾಲೆದೇ ಲೋಹ, ಟಂಕಸಾಲೆದೇ ಅಚ್ಚು, ನಿಜವಾದ ಸವೆತ, ಸುಳ್ಳು ಇರೋದು ಒಂದೇ ಮಿಲಿಮೀಟರ್ ಜಾಗದಲ್ಲಿ, ಮತ್ತೆ ಆ ಜಾಗ ಯಾವುದು ಅಂದ್ರೆ ನೀವು ದುಡ್ಡು ಕೊಡ್ತಿರೋದೇ ಯಾವ ಜಾಗಕ್ಕೋ ಆ ಜಾಗ. ನಾವು ಕಲಿತಿರೋ ಪರೀಕ್ಷೆಗಳೆಲ್ಲ, ತಕ್ಕಡಿ, ಅಯಸ್ಕಾಂತ, ಕ್ಯಾಲಿಪರ್, ಇಲ್ಲಿ ಪಾಸ್ ಅಂತಾನೇ ಹೇಳ್ತವೆ. ಅವು ಸುಳ್ಳು ಹೇಳ್ತಿಲ್ಲ, ನಾವು ಕೇಳ್ತಿರೋ ಪ್ರಶ್ನೆನೇ ತಪ್ಪು. ಹಾಗಾಗಿ ಯಾವುದೇ ನಾಣ್ಯಕ್ಕೆ ಬೆಲೆ ಕಟ್ಟೋ ಮುಂಚೆ, ಇದೇ ನಾಣ್ಯ ಅಗ್ಗಕ್ಕೂ ಸಿಗುತ್ತಲ್ಲ, ಅದಕ್ಕೂ ಇದಕ್ಕೂ ಎಲ್ಲಿ ವ್ಯತ್ಯಾಸ ಅಂತ ನಿಮ್ಮನ್ನ ನೀವೇ ಕೇಳ್ಕೊಳ್ಳಿ. ಉತ್ತರ ಒಂದು ಅಕ್ಷರ ಅಥವಾ ಒಂದು ಅಂಕಿ ಅಂತ ಬಂದ್ರೆ ಮೊದಲು ಅಲ್ಲಿ ನೋಡಿ, ಮಿಕ್ಕಿದ್ದು ಆಮೇಲೆ.

ಎಷ್ಟು ಥರ ತಿದ್ದಬಹುದು ಅಂತ ಸ್ವಲ್ಪ ಹೇಳ್ತೀನಿ. ಅಂಕಿ ಕೆರೆಯೋದು ಈಗ ಹೇಳಿದ್ದಾಯ್ತು. ಎರಡನೇ ಮಹಾಯುದ್ಧದಲ್ಲಿ ತಾಮ್ರ ಉಳಿಸೋಕೆ 1943ರಲ್ಲಿ ಅಮೆರಿಕ ಸೆಂಟನ್ನ ಸತು ಲೇಪಿಸಿದ ಉಕ್ಕಲ್ಲಿ ಹೊಡೀತು, ಎಲ್ಲೋ ಬೆರಳೆಣಿಕೆಯಷ್ಟು ಮಾತ್ರ ತಪ್ಪಿ ಹಳೇ ಕಂಚಿನ ಬಿಲ್ಲೆ ಮೇಲೆ ಬಿದ್ದವು, ಆ ತಾಮ್ರದ ಬಣ್ಣದ 1943 ಸೆಂಟ್ ಅಂದ್ರೆ ಜಗತ್ತೆಲ್ಲ ಹುಡುಕುತ್ತೆ. ಅದಕ್ಕೆ ಎರಡು ಥರ ಮೋಸ. ಉಕ್ಕಿನ ನಾಣ್ಯಕ್ಕೆ ತಾಮ್ರದ ಲೇಪ ಕೊಡೋದು, ಇದು ಅಯಸ್ಕಾಂತಕ್ಕೆ ಟಪ್ ಅಂತ ಅಂಟಿ ಸಿಕ್ಕಿ ಬೀಳುತ್ತೆ, ತೂಕನೂ 2.7 ಗ್ರಾಂ ಆಸುಪಾಸು ಅಷ್ಟೇ ಬರುತ್ತೆ. ಇನ್ನೊಂದು 1948ರ ಸೆಂಟ್ ತಗೊಂಡು 8ರ ಎಡ ಅರ್ಧ ಕೆರೆದು 3 ಮಾಡೋದು. ಇದು ಅಂಟಲ್ಲ, ತೂಕನೂ ಕರೆಕ್ಟು. ಆದ್ರೆ ನಿಜವಾದ 1943ರಲ್ಲಿ 3ರ ಬಾಲ ಕೆಳಗೆ ಉದ್ದಕ್ಕೆ ಇಳಿದಿರುತ್ತೆ, ಅದೇ ವರ್ಷದ ಮಾಮೂಲಿ ಉಕ್ಕಿನ ಸೆಂಟ್ ಪಕ್ಕದಲ್ಲಿ ಇಟ್ಕೊಂಡು ನೋಡಿದ್ರೆ ಸಾಕು, 8ರಿಂದ ಮಾಡಿದ 3ಗೆ ಆ ಬಾಲ ಇರಲ್ಲ.

ಟಂಕಸಾಲೆ ಅಕ್ಷರ ಅಂಟಿಸೋದು ಅದಕ್ಕಿಂತ ನಯವಾದ ಕೆಲಸ. 1916ರ ಮರ್ಕ್ಯುರಿ ಡೈಮ್ ಅಂತ ಬೆಳ್ಳಿ ನಾಣ್ಯ ಇದೆ. ಫಿಲಡೆಲ್ಫಿಯಾದಲ್ಲಿ ಹೊಡೆದಿದ್ದು 2 ಕೋಟಿ 20 ಲಕ್ಷಕ್ಕೂ ಜಾಸ್ತಿ, ಡೆನ್ವರ್‌ನಲ್ಲಿ 2 ಲಕ್ಷ 64 ಸಾವಿರ. ಇವೆರಡಕ್ಕೂ ಇರೋ ವ್ಯತ್ಯಾಸ ಹಿಂಬದಿಲಿರೋ ಆ ಒಂದು ಡಿ, ಅಷ್ಟೇ. ಬೇರೆ ಅಗ್ಗದ ನಾಣ್ಯದಿಂದ ಡಿ ಕಿತ್ತು ಇದಕ್ಕೆ ಅಂಟಿಸ್ತಾರೆ ಇಲ್ಲಾ ಬೆಸುಗೆ ಹಾಕ್ತಾರೆ. 1909ರ ಸ್ಯಾನ್ ಫ್ರಾನ್ಸಿಸ್ಕೋ (ಅಲ್ಲಿನ ಅಕ್ಷರ ಎಸ್) ವಿಡಿಬಿ ಸೆಂಟ್‌ದೂ ಇದೇ ಕತೆ, ಅದು 4 ಲಕ್ಷ 84 ಸಾವಿರ, ಎಸ್ ಇಲ್ಲದ ಅದರ ಅಣ್ಣ ಸುಮಾರು 2 ಕೋಟಿ 80 ಲಕ್ಷ. ಇಲ್ಲಿ ನಮಗೆ ಅನುಕೂಲ ಏನಂದ್ರೆ, ಅಚ್ಚುಗಳು ಕಡಿಮೆ ಇದ್ದವು. ಎಸ್ ವಿಡಿಬಿಗೆ ಮುಂಬದಿ ಅಚ್ಚು ನಾಲ್ಕೇ, ಹಾಗಾಗಿ ಎಸ್ ಕೂರೋ ಜಾಗನೂ ನಾಲ್ಕೇ ಥರ, ಮತ್ತೆ ಆ ಎಸ್‌ನ ಮೇಲಿನ ಸುತ್ತಿನ ಒಳಗೆ ಒಂದು ಸಣ್ಣ ಉಬ್ಬು ಚುಕ್ಕೆ ಇರುತ್ತೆ. ಸೆಲ್ಲರ್ ಹಾಕಿರೋ ಫೋಟೋದಲ್ಲಿ ಎಸ್ ಐದನೇ ಜಾಗದಲ್ಲಿ ಕೂತಿದ್ರೆ ಮುಂದೆ ಮಾತೇ ಬೇಡ. 1893ರ ಎಸ್ ಮಾರ್ಗನ್ ಡಾಲರ್ ಹೊಡೆದಿದ್ದು ಬರೀ 1 ಲಕ್ಷ, ಅದರಲ್ಲೂ ಹಾಗೇ, ಲಿಬರ್ಟಿ ಅನ್ನೋ ಪದದ ಟಿ ಅಕ್ಷರದ ಮೇಲ್ಭಾಗದಲ್ಲಿ ಓರೆಯಾಗಿ ಒಂದು ಕೂದಲೆಳೆಯಂಥ ಉಬ್ಬು ಗೆರೆ ಇರುತ್ತೆ, ಅದು ಅಚ್ಚಿನಿಂದ ಬಂದಿದ್ದು, ಎಸ್ ಅಂಟಿಸೋನು ಆ ಗೆರೆ ಎಲ್ಲಿಂದ ತರ್ತಾನೆ?

ಅಂಟಿಸೋ ಬದಲು ಒಳಗಿಂದ ಉಬ್ಬಿಸೋರೂ ಇದ್ದಾರೆ. ನಾಣ್ಯದ ಅಂಚಲ್ಲಿ ಸಣ್ಣ ತೂತು ಕೊರೆದು, ಅದರೊಳಗೆ ಉಪಕರಣ ತೂರಿಸಿ ಒಳಗಿನ ಲೋಹನ ಮೇಲಕ್ಕೆ ತಳ್ಳಿ ಅಕ್ಷರ ಎಬ್ಬಿಸಿ, ಆಮೇಲೆ ತೂತು ಮುಚ್ಚಿಬಿಡ್ತಾರೆ. ದಪ್ಪ ಇರೋ, 5 ಸೆಂಟಿನ ಬಫಲೋ ನಿಕಲ್‌ನಲ್ಲಿ ಇದು ಸಿಕ್ಕಿದೆ. ಇಂಥದ್ದಕ್ಕೆ ಅಕ್ಷರದ ಸುತ್ತ ಗೆರೆನೇ ಇರಲ್ಲ, ಯಾಕಂದ್ರೆ ಅದೇ ನಾಣ್ಯದ ಲೋಹ. ಅಂಚು ನೋಡಿದವನಿಗೆ ಮಾತ್ರ ಗೊತ್ತಾಗುತ್ತೆ, ಆನ್‌ಲೈನಲ್ಲಿ ಅಂಚಿನ ಫೋಟೋ ಹಾಕೋರು ಎಷ್ಟು ಜನ ಹೇಳಿ.

ಇದ್ದಿದ್ದನ್ನ ತೆಗೆಯೋದೂ ಇದೆ. 1922ರಲ್ಲಿ ಸೆಂಟ್ ಹೊಡೆದಿದ್ದು ಡೆನ್ವರ್ ಒಂದೇ, ಅಚ್ಚು ಸವೆದು ಕೆಲವದರಲ್ಲಿ ಡಿ ಕಾಣ್ದೇ ಹೋಯ್ತು, ಆ ಡಿ ಇಲ್ಲದ್ದು ದುಬಾರಿ. ಮಾಮೂಲಿ 1922 ಡಿ ತಗೊಂಡು ಡಿ ಉಜ್ಜಿಬಿಟ್ರೆ ಆಯ್ತು. 1937ರ ಡೆನ್ವರ್ ಬಫಲೋ ನಿಕಲ್‌ನಲ್ಲಿ ಅಚ್ಚನ್ನ ಜಾಸ್ತಿ ಉಜ್ಜಿದ್ದಕ್ಕೆ ಕಾಡೆಮ್ಮೆಯ ಮುಂಗಾಲು ಒಂದು ಮಾಯ ಆಯ್ತು, ಮೂರು ಕಾಲಿನದು ಅಂತ ಅದಕ್ಕೆ ಎಲ್ಲಿಲ್ಲದ ಬೇಡಿಕೆ, ಅದಕ್ಕೆ ನಾಲ್ಕು ಕಾಲಿನದರ ಒಂದು ಕಾಲು ಕೆರೆದು ಮಾರ್ತಾರೆ. ನಿಜವಾದದ್ದರಲ್ಲಿ ಹೊಟ್ಟೆ ಕೆಳಗಿಂದ ನೆಲದ ಕಡೆಗೆ ಸಣ್ಣ ಸಣ್ಣ ಉಬ್ಬು ಚುಕ್ಕೆಗಳ ಸಾಲು ಇಳಿಯುತ್ತೆ. ಕಾಲು ಕೆರೆಯೋಕೆ ಬರುತ್ತೆ, ಆ ಚುಕ್ಕೆ ಸಾಲು ಎಬ್ಬಿಸೋದು ಸುಲಭ ಅಲ್ಲ.

ಇನ್ನು ಲೂಪಲ್ಲಿ ನೋಡೋದು ಹೇಗೆ. 10 ಪಟ್ಟು ದೊಡ್ಡದು ಮಾಡೋ ಲೂಪ್ ಸಾಕು, ಬೆಳಕು ಒಂದೇ ಕಡೆಯಿಂದ ಓರೆಯಾಗಿ ಬೀಳಲಿ, ನಾಣ್ಯನ ನಿಧಾನವಾಗಿ ತಿರುಗಿಸ್ತಾ ಇರಿ. ಅಚ್ಚು ಬಡಿದಾಗ ಲೋಹ ನೀರಿನ ಹಾಗೆ ಹರಿದು ಅಕ್ಷರದೊಳಗೆ ಏರುತ್ತೆ, ಅದಕ್ಕೆ ನಿಜವಾದ ಅಕ್ಷರ ಬಯಲಿಂದ, ಅಂದ್ರೆ ನಾಣ್ಯದ ಸಮತಟ್ಟು ಖಾಲಿ ಜಾಗದಿಂದ, ಮೇಲೇಳೋ ಕಡೆ ಮಣ್ಣಿಂದ ಗಿಡ ಎದ್ದ ಹಾಗಿರುತ್ತೆ, ಬಯಲಿನ ಹೊಳಪಿನ ಎಳೆ ಹಾಗೇ ಅಕ್ಷರದ ಬುಡಕ್ಕೆ ಹೋಗಿ ಸೇರುತ್ತೆ. ಅಂಟಿಸಿದ್ದು ಮೇಜಿನ ಮೇಲೆ ಇಟ್ಟ ಲೋಟದ ಹಾಗೆ, ಬುಡದಲ್ಲಿ ಕಪ್ಪು ಗೆರೆ ಬೀಳುತ್ತೆ, ಇಲ್ಲಾ ಸುತ್ತ ಸಣ್ಣ ಕಾಲುವೆ ಥರ ಇರುತ್ತೆ, ಇಲ್ಲಾ ಆ ಜಾಗದಲ್ಲಿ ಮಾತ್ರ ಬಣ್ಣ ಬೇರೆ. ತೆಗೆದ ಜಾಗದಲ್ಲಿ ಹೊಳಪು ತಟ್ಟನೆ ಸತ್ತಿರುತ್ತೆ, ಸುತ್ತ ಎಲ್ಲ ಒಂದೇ ಸಮ ಹೊಳೀತಾ ಇದ್ದು ಅಲ್ಲಿ ಮಾತ್ರ ಮಸುಕು, ಒಂಚೂರು ತಗ್ಗು, ಗೀರುಗಳು ಒಂದೇ ದಿಕ್ಕಿಗೆ. ಅಂಟಿಸಿದ ಅನುಮಾನ ಇದ್ರೆ ಅಪ್ಪಟ ಅಸಿಟೋನ್‌ನಲ್ಲಿ ಸ್ವಲ್ಪ ಹೊತ್ತು ಇಟ್ರೆ ಕೆಲವು ಅಂಟು ಬಿಟ್ಕೊಳ್ಳುತ್ತೆ, ಲೋಹಕ್ಕೆ ಅದರಿಂದ ಹಾನಿ ಇಲ್ಲ, ಆದ್ರೆ ಬೆಂಕಿ ಹತ್ತಿರ ಬೇಡ, ಕಿಟಕಿ ತೆಗೆದಿರಿ, ಗಾಜಿನ ಪಾತ್ರೆಲೇ ಮಾಡಿ, ಮತ್ತೆ ರಿಟರ್ನ್ ಮಾಡೋ ಯೋಚನೆ ಇದ್ರೆ ಇದನ್ನ ಮಾಡಲೇಬೇಡಿ.

ಮೇಲ್ಮೈ ತಿದ್ದೋದು ಇನ್ನೊಂದು ದೊಡ್ಡ ಕತೆ, ಬೇಗ ಮುಗಿಸ್ತೀನಿ. ಸವೆದ ನಾಣ್ಯನ ತಂತಿ ಬ್ರಷ್ ಕಟ್ಟಿದ ಮೆಷಿನ್ನಲ್ಲಿ ಉಜ್ಜಿ ಹೊಸದರ ಹಾಗೆ ಹೊಳಪು ಬರಿಸ್ತಾರೆ, ಅಂಥದ್ದರಲ್ಲಿ ಅಕ್ಷರಗಳ ಒಂದು ಪಕ್ಕದಲ್ಲಿ ಲೋಹ ತಳ್ಳಿ ದಿಣ್ಣೆ ಕಟ್ಟಿರುತ್ತೆ. ಗಂಧಕದ ಹೊಗೆ, ಶಾಖ ಕೊಟ್ಟು ಬೆಳ್ಳಿ ಮೇಲೆ ಕಾಮನಬಿಲ್ಲಿನ ಬಣ್ಣ ಬರಿಸ್ತಾರೆ. ವರ್ಷಗಟ್ಟಲೆ ತಾನಾಗೇ ಬಂದ ಬಣ್ಣ ನಸು ಹಳದಿಯಿಂದ ಕೆಂಪು ನೇರಳೆ, ಅಲ್ಲಿಂದ ನೀಲಿ ಹೀಗೆ ಒಂದರೊಳಗೊಂದು ಕರಗ್ತಾ ಹೋಗುತ್ತೆ, ಹಚ್ಚಿದ್ದು ಮಧ್ಯದ ಹಂತ ಹಾರಿ ನೇರ ಢಾಳಾದ ನೀಲಿಗೆ ಬಂದಿರುತ್ತೆ. ಕೊರಳಿಗೆ ಹಾಕ್ಕೊಳ್ಳೋಕೆ ತೂತು ಮಾಡಿದ್ದ ನಾಣ್ಯದ ತೂತು ಮುಚ್ಚಿ ಮೇಲೆ ಕೂದಲು, ಗರಿ ಎಲ್ಲ ಕೆತ್ತಿರ್ತಾರೆ. ಇವು ಫೋಟೋದಲ್ಲಿ ಮೂಲ ನಾಣ್ಯಕ್ಕಿಂತ ಚೆನ್ನಾಗೇ ಕಾಣ್ತವೆ, ತೊಂದರೆ ಅಲ್ಲೇ.

ಈಗ ಸೆಲ್ಲರ್ ವಿಷಯ. ನಾನು ಐದು ಸ್ಟಾರ್ ಕೊಟ್ಟೆ ಅಂದೆನಲ್ಲ, ಅದು ನನ್ನನ್ನ ಇವತ್ತಿಗೂ ಚುಚ್ಚುತ್ತೆ. ದುಡ್ಡು ಹೋಗಿದ್ದು ಬೇರೆ, ನನ್ನ ಆ ಎರಡು ಸಾಲು ಓದಿ ಇನ್ಯಾರೋ ಅವನ ಹತ್ರ ಧೈರ್ಯವಾಗಿ ತಗೊಂಡಿರ್ತಾರೆ. ಯೋಚನೆ ಮಾಡಿ, ನಾಣ್ಯ ಬಂದ ವಾರದೊಳಗೆ ನಾವು ಫೀಡ್‌ಬ್ಯಾಕ್ ಕೊಡ್ತೀವಿ, ತಿದ್ದಿದ್ದು ಅಂತ ಗೊತ್ತಾಗೋದು ವರ್ಷ ಕಳೆದ ಮೇಲೆ, ಎಷ್ಟೋ ಜನಕ್ಕೆ ಗೊತ್ತೇ ಆಗಲ್ಲ, ಅವರ ಮಕ್ಕಳು ಮಾರೋಕೆ ಹೋದಾಗ ಗೊತ್ತಾಗುತ್ತೆ. ಹಾಗಾಗಿ ಆ ಸ್ಟಾರ್‌ಗಳು ಹೇಳೋದು ಪಾರ್ಸೆಲ್ ಬೇಗ ಬಂತಾ ಅನ್ನೋದನ್ನ ಮಾತ್ರ, ನಾಣ್ಯ ನಿಜನಾ ಅನ್ನೋದನ್ನ ಅಲ್ಲ. ಫೀಡ್‌ಬ್ಯಾಕ್ ನೋಡಲೇಬೇಕಂದ್ರೆ ಅವನು ಹಿಂದೆ ಏನೇನು ಮಾರಿದ್ದ ನೋಡಿ. ನೂರಾರು ಪುಡಿ ಸಾಮಾನು ಮಾರಿ ಹೆಸರು ಕಟ್ಟಿಕೊಂಡು ಏಕ್‌ದಂ ಅಪರೂಪದ ನಾಣ್ಯಗಳಿಗೆ ಇಳಿದವನು, ಇಲ್ಲಾ ಒಂದೇ ಅಪರೂಪದ ನಾಣ್ಯ ತಿಂಗಳಿಗೊಂದರ ಹಾಗೆ ಹೊರಗೆ ತೆಗೆಯೋನು, ಇವರ ಹತ್ರ ನಾನು ಹೋಗಲ್ಲ.

ಆಮೇಲೆ ಅವನ ಭಾಷೆ ಓದಿ. ನನಗೆ ನಾಣ್ಯದ ಬಗ್ಗೆ ಏನೂ ಗೊತ್ತಿಲ್ಲ, ತಾತನ ಪೆಟ್ಟಿಗೇಲಿತ್ತು, ಫೋಟೋ ನೋಡಿ ನೀವೇ ತೀರ್ಮಾನ ಮಾಡಿ, ಇದ್ದ ಹಾಗೇ ಮಾರ್ತಿದೀನಿ ವಾಪಸ್ ಇಲ್ಲ. ನಿಜವಾಗ್ಲೂ ತಾತನ ಪೆಟ್ಟಿಗೆ ಇರೋ ಪ್ರಾಮಾಣಿಕರು ಇದ್ದಾರೆ, ಇಲ್ಲ ಅನ್ನಲ್ಲ, ಆದ್ರೆ ಏನೂ ಗೊತ್ತಿಲ್ಲದವನು ಅದೇ ಒಂದು ನಾಣ್ಯನ ಅಷ್ಟು ಕರೆಕ್ಟಾಗಿ ಹೆಸರು ಇಸವಿ ಅಕ್ಷರ ಸಮೇತ ಟೈಟಲಲ್ಲಿ ಹಾಕಿ ಅದಕ್ಕೆ ತಕ್ಕ ಬೆಲೆ ಹೇಳ್ತಾನಾ? ನನ್ನ ಸೆಲ್ಲರ್ ಇದೇ ಮಾತು ಬರೆದಿದ್ದ. ಇನ್ನೊಂದು, ಇದು ಅಸಲಿ ಅನ್ನೋ ಒಂದು ಪದ ಇಡೀ ವಿವರಣೇಲಿ ಎಲ್ಲೂ ಇರಲಿಲ್ಲ, ನಾನೇ ಇದೆ ಅಂತ ಓದ್ಕೊಂಡಿದ್ದೆ. ಈಗ ನಾನು ಮೊದಲೇ ಮೆಸೇಜ್ ಹಾಕಿ ಕೇಳ್ತೀನಿ, ಈ ಇಸವಿ, ಈ ಅಕ್ಷರ ಟಂಕಸಾಲೇಲಿ ಬಂದಿದ್ದೇ ಹೊರತು ಆಮೇಲೆ ಮಾಡಿದ್ದಲ್ಲ ಅಂತ ಬರೆದು ಕೊಡ್ತೀರಾ, ಅಲ್ಲ ಅಂತ ಆದ್ರೆ ದುಡ್ಡು ವಾಪಸ್ ಕೊಡ್ತೀರಾ. ಹೌದು ಅಥವಾ ಇಲ್ಲ, ಎರಡೇ ಉತ್ತರ. ಸುತ್ತಿ ಬಳಸಿ ಮಾತಾಡಿದ್ರೆ ಅಲ್ಲಿಗೆ ಬಿಡ್ತೀನಿ.

ಫೋಟೋ ಕೇಳೋದೂ ಹಾಗೇ. ಇಸವಿದು ಹತ್ತಿರದಿಂದ ಒಂದು, ಟಂಕಸಾಲೆ ಅಕ್ಷರದ್ದು ಒಂದು, ಬೆಳಕು ಎರಡು ದಿಕ್ಕಿಂದ ಬಿಟ್ಟು ಎರಡು, ಅಂಚಿನದು ಒಂದು. ನಾಣ್ಯ ಇಡೀ ಚೆನ್ನಾಗಿ ಫೋಕಸ್ ಆಗಿ ಆ ಅಕ್ಷರದ ಹತ್ರ ಮಾತ್ರ ಬೆಳಕು ಹೊಡೆದಿದ್ರೆ ಅದು ಆಕಸ್ಮಿಕ ಅಂತ ನಾನು ನಂಬಲ್ಲ. ಕ್ಯಾಮೆರಾ ಸರಿ ಇಲ್ಲ ಅಂದವನ ಬಾಕಿ ಫೋಟೋಗಳನ್ನ ನೋಡಿ, ಅಗ್ಗದ ನಾಣ್ಯಗಳ ಕೂದಲೆಳೆ ಕೂಡ ಕಾಣೋ ಹಾಗೆ ತೆಗೆದಿರ್ತಾನೆ.

ದುಡ್ಡು ಆ ಸೈಟ್ ಹೊರಗೆ ಕಳಿಸಿ, ಕಮಿಷನ್ ಉಳಿಯುತ್ತೆ ಬೆಲೆ ಇಳಿಸ್ತೀನಿ ಅಂದ್ರೆ ಬೇಡವೇ ಬೇಡ. ಸೈಟ್ ಹೊರಗೆ ಹೋದ ಕ್ಷಣ ನಿಮ್ಮ ರಿಟರ್ನ್ ಹಕ್ಕು, ದೂರು ಕೊಡೋ ದಾರಿ ಎಲ್ಲ ಹೋಯ್ತು. ಕಾರ್ಡಲ್ಲಿ ಕಟ್ಟಿದ್ರೆ ಕೊನೇಪಕ್ಷ ಬ್ಯಾಂಕಿಗೆ ತಕರಾರು ಹಾಕಬಹುದು. ಪಾರ್ಸೆಲ್ ಬಿಚ್ಚೋದನ್ನ ವಿಡಿಯೋ ಮಾಡಿ, ರಿಟರ್ನ್ ಅವಧಿ ಯಾವತ್ತು ಮುಗಿಯುತ್ತೆ ಅಂತ ಬರೆದಿಟ್ಟುಕೊಂಡು ಅದರೊಳಗೆ ಗೊತ್ತಿರೋರಿಗೆ ತೋರಿಸಿ, ತೊಳೆಯೋದು ಒರೆಸೋದು ಯಾವುದೂ ಬೇಡ. ನಾನು ಇದನ್ನ ಮಾಡಿದ್ದಿದ್ರೆ ನನ್ನ ದುಡ್ಡು ವಾಪಸ್ ಬರ್ತಿತ್ತು. ನನಗೆ ಗೊತ್ತಾಗೋ ಹೊತ್ತಿಗೆ ಅವಧಿ ಮುಗಿದಿತ್ತು, ಸೆಲ್ಲರ್‌ನ ಅಕೌಂಟೂ ಇರಲಿಲ್ಲ. ಮೋಸ ಮಾಡೋಕೆ ನಾಣ್ಯ ತಿದ್ದೋದು ಅಮೆರಿಕದ ಕಾನೂನಲ್ಲಿ ಅಪರಾಧನೇ, ಆದ್ರೆ ತಿದ್ದಿದವನು ಯಾರು ಅಂತ ಹಿಡಿಯೋದು ಹೇಗೆ, ನನಗೆ ಮಾರಿದವನೇ ತಿದ್ದಿದ್ದಾ ಅಥವಾ ಅವನೂ ನನ್ನ ಹಾಗೆ ಮೋಸ ಹೋಗಿ ಕೈ ತೊಳ್ಕೊಂಡನಾ, ನನಗೆ ಇವತ್ತಿಗೂ ಗೊತ್ತಿಲ್ಲ.

ಪ್ರಶ್ನೆಗಳ ಹೊತ್ತಲ್ಲಿ ಒಬ್ರು ಕೇಳಿದ್ರು, ಸರ್, ಪ್ಲಾಸ್ಟಿಕ್ ಡಬ್ಬಿಲಿ ಸೀಲ್ ಆಗಿ ಗ್ರೇಡ್ ಹಾಕಿರೋದನ್ನೇ ತಗೊಂಡ್ರೆ ಈ ತಲೆನೋವು ಇಲ್ವಲ್ಲ? ಮುಕ್ಕಾಲು ಪಾಲು ನಿಜ. ನಾಣ್ಯಕ್ಕೆ ಗ್ರೇಡ್ ಹಾಕೋ ಕಂಪನಿಗಳು, 1986ರಲ್ಲಿ ಪಿಸಿಜಿಎಸ್, 1987ರಲ್ಲಿ ಎನ್‌ಜಿಸಿ ಶುರುವಾದ ಮೇಲೆ ಈ ಸ್ಲ್ಯಾಬ್ ಪದ್ಧತಿ, ಅಂದ್ರೆ ಡಬ್ಬಿಲಿ ಸೀಲ್ ಮಾಡಿ ಕೊಡೋದು, ಬೇರೂರಿತು, ನಾಣ್ಯದ ಸ್ಥಿತಿಗೆ 1ರಿಂದ 70ರ ಅಳತೇಲಿ ಗ್ರೇಡ್ ಕೊಡ್ತಾರೆ, ತಿದ್ದಿದ್ದು ಅಂತ ಗೊತ್ತಾದ್ರೆ ಮಾಮೂಲಿ ಗ್ರೇಡ್ ಕೊಡಲ್ಲ. ದುಬಾರಿ ನಾಣ್ಯಕ್ಕೆ ನಾನೂ ಇದನ್ನೇ ಹೇಳ್ತೀನಿ. ಆದ್ರೆ ಸ್ಲ್ಯಾಬನ್ನೇ ಖೋಟಾ ಮಾಡ್ತಾರೆ, ಆನ್‌ಲೈನಲ್ಲಿ ಕಾಣೋ ನಿಜವಾದ ನಾಣ್ಯದ ಸರ್ಟಿಫಿಕೇಟ್ ನಂಬರ್ ಕದ್ದು ಅದೇ ನಂಬರ್ ಲೇಬಲ್ ಮೇಲೆ ಹಾಕ್ತಾರೆ, ನೀವು ಕಂಪನಿ ಸೈಟಲ್ಲಿ ಹಾಕಿ ನೋಡಿದ್ರೆ ಹೌದು ಇದೆ ಅಂತಾನೇ ಬರುತ್ತೆ. ಅಲ್ಲಿ ಆ ನಂಬರಿನ ಫೋಟೋ ಇದ್ರೆ ಅದನ್ನ ದೊಡ್ಡದು ಮಾಡಿ ನಿಮ್ಮದರ ಪಕ್ಕ ಇಡಿ. ಕೆನ್ನೆ ಮೇಲಿನ ಗೀರು, ಬಯಲಲ್ಲಿರೋ ಚುಕ್ಕೆ ಕಲೆ ಹೊಂದಬೇಕು. ಎರಡು ನಾಣ್ಯದ ಮೇಲೆ ಗೀರು ಒಂದೇ ಥರ ಬೀಳಲ್ಲ.

ಇನ್ನೊಂದು ಪ್ರಶ್ನೆ ಕೇಳಿದ್ದು ಒಬ್ಬ ಹುಡುಗಿ, ಮೊದಲ ಸಾಲಲ್ಲಿ ಕೂತಿದ್ದಳು, ಅಂಕಲ್, ಆ ನಾಣ್ಯ ಏನು ಮಾಡಿದ್ರಿ, ಮಾರಿಬಿಟ್ರಾ ಅಂತ. ಇಲ್ಲಮ್ಮ. ತಿದ್ದಿದ್ದು ಅಂತ ಹೇಳೇ ತಗೋತೀನಿ ಕೊಡಿ ಅಂತ ಇಬ್ಬರು ಕೇಳಿದ್ರು, ಕೊಡಲಿಲ್ಲ. ಕವರ್ ಮೇಲೆ ತಿದ್ದಿದ್ದು, 1944ರದ್ದು ಅಂತ ದೊಡ್ಡದಾಗಿ ಬರೆದಿದೀನಿ, ಆದ್ರೆ ನಾಣ್ಯ ಕವರಿಂದ ಹೊರಗೆ ಬರೋಕೆ ಎಷ್ಟು ಹೊತ್ತು ಬೇಕು, ಕೈಯಿಂದ ಕೈಗೆ ಹೋಗ್ತಾ ಕವರ್ ಎಲ್ಲೋ ಬಿದ್ದು ಹೋಗಿ ಮತ್ತೆ ಯಾರದೋ ಆಲ್ಬಮ್ಮಲ್ಲಿ 1914 ಅಂತ ಕೂರುತ್ತೆ. ಅದಕ್ಕೇ ಇದು ನನ್ನ ಹತ್ರಾನೇ ಇರುತ್ತೆ, ಇಂಥ ಸಭೆಗಳಿಗೆ ತರ್ತೀನಿ. ಲೂಪ್ ಜೊತೆ ಆ ಕಡೆ ಸಾಲಿಂದ ಕಳಿಸ್ತಾ ಇದೀನಿ, ಎಲ್ಲರೂ ನೋಡಿ, ಅಂಚು ಹಿಡ್ಕೊಳ್ಳಿ, ಮೊದಲು 9ಕ್ಕೂ 1ಕ್ಕೂ ನಡುವಿನ ಜಾಗ ನೋಡಿ, ಆಮೇಲೆ ಭುಜದ ಕೆಳಗೆ.